ಎರಡನೇ ಕೋಣೆಯ ಹಾಸಿಗೆ

ಸಿನಿಮಾ ಎಡಿಟರಿಗೆ ಎರಡು ಕಾಯಿಲೆ ತಪ್ಪಿದ್ದಲ್ಲ. ಒಂದು ಕತ್ತು ನೋವು, ಇನ್ನೊಂದು ಬೇರೆಯವರ ತಪ್ಪು ಹುಡುಕುವ ಚಟ. ನನಗೆ ಎರಡೂ ಹಳೆಯವು. ಹಗಲಿನಲ್ಲೂ ಪರದೆ ಎಳೆದ ಕೋಣೆಯಲ್ಲಿ ಮೂವತ್ತು ವರ್ಷ ಕೂತು, ನೂರಾರು ಜನ ಬಿಸಿಲಲ್ಲಿ ನಿಂತು ಮಾಡಿದ ಎಡವಟ್ಟುಗಳನ್ನೆಲ್ಲ ತಣ್ಣಗೆ ನೋಡಿದ್ದೇನೆ. ಕ್ಯಾಮೆರಾದವನನ್ನು ಬೈದಿದ್ದೇನೆ, ಮೇಕಪ್ಪಿನವನನ್ನು ಬೈದಿದ್ದೇನೆ, ನಿರ್ದೇಶಕರನ್ನಂತೂ ಅವರು ಕೋಣೆಯಿಂದ ಹೊರಗೆ ಹೋದ ಮೇಲೆ ಮನಸಾರೆ ಬೈದಿದ್ದೇನೆ. ಹದ್ದಕ್ಕನನ್ನು ಬೈಯುವ ಅವಕಾಶ ಮಾತ್ರ ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಸಿಕ್ಕಿರಲಿಲ್ಲ. ಸಿಕ್ಕಾಗ ಅದು ನನಗೆ ಬೇಡವಾಗಿತ್ತು.

ಹದ್ದಕ್ಕ ಅಂದರೆ ನಮ್ಮಲ್ಲಿ ಕಂಟಿನ್ಯೂಟಿ ನೋಡಿಕೊಳ್ಳುವವಳು. ತೆರೆಯ ಮೇಲೆ ಎರಡು ನಿಮಿಷ ಬಂದುಹೋಗುವ ದೃಶ್ಯವನ್ನು ತೆಗೆಯಲು ಕೆಲವೊಮ್ಮೆ ಎರಡು ದಿನ ಬೇಕು. ಮೊದಲ ದಿನ ಎಡ ಹೆಗಲ ಮೇಲಿದ್ದ ಜಡೆ ಎರಡನೇ ದಿನ ಬಲಕ್ಕೆ ಹೋದರೆ, ಅರ್ಧ ಕುಡಿದಿಟ್ಟ ಟೀ ಮುಂದಿನ ಕ್ಷಣ ಲೋಟದ ತುಂಬ ಇದ್ದರೆ, ನೋಡುವವರು ಕತೆ ಮರೆತು ನಗುತ್ತಾರೆ. ಹಾಗಾಗದಂತೆ ಕ್ಯಾಮೆರಾದ ಪಕ್ಕ ಮಡಚುವ ಸ್ಟೂಲಿನ ಮೇಲೆ ಒಬ್ಬರು ಕೂತು ಎಲ್ಲವನ್ನೂ ಬರೆದುಕೊಳ್ಳುತ್ತಿರಬೇಕು. ಟೀ ಎಲ್ಲಿಯವರೆಗೆ ಇತ್ತು, ತೋಳು ಎಷ್ಟು ಮಡಿಕೆ ಮಡಚಿತ್ತು, ಬಾಗಿಲು ಎಷ್ಟು ಬೆರಳು ತೆರೆದಿತ್ತು. ಬೆಳಗ್ಗೆ ಆರಕ್ಕೆ ಕೂತರೆ ದೀಪ ಆರಿಸುವವರೆಗೆ ಏಳುವಂತಿಲ್ಲ. ಯಾರೂ ಹೊಗಳದ ಕೆಲಸ ಅದು. ಸರಿಯಾಗಿ ಮಾಡಿದರೆ ಮಾಡಿದ್ದೇ ಯಾರಿಗೂ ಗೊತ್ತಾಗುವುದಿಲ್ಲ.

ಅವಳು ಈ ಕೆಲಸಕ್ಕೆ ಬಂದದ್ದೂ ಒಂದು ತಮಾಷೆ. ಯಾವುದೋ ಸಿನಿಮಾ ಕಂಪನಿಯ ಆಫೀಸಿನಲ್ಲಿ ಚಿತ್ರಕತೆ ಟೈಪ್ ಮಾಡುತ್ತಿದ್ದಳಂತೆ. ಒಂದು ದಿನ ಕಾಗದ ಕೊಡಲು ಸೆಟ್ಟಿಗೆ ಹೋದವಳು, "ನಿನ್ನೆ ಇವರ ವಾಚು ಆ ಕೈಯಲ್ಲಿತ್ತಲ್ವಾ?" ಎಂದು ಸುಮ್ಮನೆ ಕೇಳಿದ್ದಾಳೆ. ಅಷ್ಟರಲ್ಲಿ ಅರ್ಧ ದಿನದ ಕೆಲಸ ಮುಗಿದಿತ್ತು. ನಾಯಕ ನಟ ತಲೆ ಚಚ್ಚಿಕೊಂಡ. ಮಾರನೆಯ ದಿನದಿಂದ ಇವಳು ಕ್ಯಾಮೆರಾದ ಪಕ್ಕ. ಹದ್ದಿನ ಕಣ್ಣು ಎಂದು ಯಾರೋ ಅಂದದ್ದು ತೇಯ್ದು ತೇಯ್ದು ಹದ್ದಕ್ಕ ಆಯಿತು. ಈಗ ಎಲ್ಲರೂ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳುತ್ತಾರೆ. ಅವಳು ಅದಕ್ಕೆ ಸೊಪ್ಪು ಹಾಕುವುದಿಲ್ಲ. "ಫೋಟೋ ಎಲ್ಲಾ ತೋರಿಸುತ್ತೆ ಕಣೋ ಕತ್ರಿ, ಯಾವುದನ್ನ ನೋಡ್ಬೇಕು ಅಂತ ಹೇಳಲ್ಲ" ಎನ್ನುತ್ತಾಳೆ. ಕತ್ರಿ ನಾನು.

ಅವಳ ಮನೆಗೆ ನಾನು ಎಷ್ಟೋ ಸಲ ಹೋಗಿದ್ದೇನೆ. ಸೈಕಲ್ ರಿಪೇರಿ ಅಂಗಡಿಯ ಮೇಲೆ, ಮೊದಲನೇ ಮಹಡಿಯಲ್ಲಿ ಒಂದು ಹಾಲು, ಎರಡು ಕೋಣೆ. ಕಿಟಕಿ ತೆರೆದರೆ ಟೈರಿನ ವಾಸನೆ. ಅಕ್ಕನ ಜೊತೆಗೆ ಅವಳ ಗೆಳತಿ ಇರುತ್ತಾಳೆ, ದೊಡ್ಡ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವವಳು. ನಾವೆಲ್ಲ ಅವಳನ್ನು ಲ್ಯಾಬಮ್ಮ ಅನ್ನುತ್ತೇವೆ. ಮಾತು ಕಡಿಮೆ, ಆಡಿದ ಮಾತು ಸೂಜಿಯ ಹಾಗೆ ನೆಟ್ಟಗೆ ಹೋಗುತ್ತದೆ. ನನ್ನ ತೋಳು ಹಿಡಿದು ನೋಡಿ, "ನಿಮ್ಮ ನರ ಸಿಗೋದೇ ಇಲ್ಲ, ಒಳ್ಳೆ ಬಚ್ಚಿಟ್ಕೊಂಡಿದ್ದೀರ" ಎಂದಿದ್ದಳು ಒಮ್ಮೆ. ಇಬ್ಬರು ಮದುವೆಯಾಗದ ಹೆಂಗಸರು, ಒಂದು ಮನೆ, ಎರಡು ಕೋಣೆ, ಎರಡು ಮಂಚ. ಖರ್ಚು ಹಂಚಿಕೊಂಡಿದ್ದಾರೆ ಎಂದು ನಾನು ತಿಳಿದಿದ್ದೆ. ಒಂದು ಮಧ್ಯಾಹ್ನ ಊಟವಾದ ಮೇಲೆ ಕತ್ತು ಹಿಡಿದುಕೊಂಡು ಎರಡನೇ ಕೋಣೆಯ ಮಂಚದ ಮೇಲೆ ಒಂದು ಗಂಟೆ ಬಿದ್ದುಕೊಂಡಿದ್ದೆ ಕೂಡ. ಎದ್ದು ಬಂದು, "ಎಂಥಾ ಹಾಸಿಗೆ ಮಾರಾಯ್ತಿ, ಇಷ್ಟು ವರ್ಷ ಆದ್ರೂ ಒಂದು ತಗ್ಗು ಬಿದ್ದಿಲ್ಲ" ಎಂದು ಹೊಗಳಿದೆ. ಲ್ಯಾಬಮ್ಮ ನನಗೆ ಇನ್ನೊಂದು ಲೋಟ ಮಜ್ಜಿಗೆ ಕೊಟ್ಟಳು. ತಪ್ಪು ಹುಡುಕುವವನ ಯೋಗ್ಯತೆ ಇಷ್ಟು.

ಹೋದ ವರ್ಷ ಒಂದು ಸಣ್ಣ ಸಿನಿಮಾದ ಕೆಲಸ ಬಂತು. ನಿರ್ದೇಶಕಿ ಇಪ್ಪತ್ತೆಂಟರ ಹುಡುಗಿ. ಗೆಳೆಯರನ್ನೆಲ್ಲ ಕೂಡಿಸಿಕೊಂಡು, ಯಾರ ಹಂಗೂ ಇಲ್ಲದೆ ಮಾಡುತ್ತೇನೆ ಎಂದು ಹೊರಟಿದ್ದಳು. ಮೊದಲ ದಿನವೇ ನಮ್ಮನ್ನೆಲ್ಲ ನೆಲದ ಮೇಲೆ ಕೂರಿಸಿ, "ನನ್ನ ನಾಯಕಿ ಲೆಸ್ಬಿಯನ್. ಆ ಪದ ಹೇಳೋಕೆ ಯಾರೂ ನಾಚ್ಕೋಬೇಡಿ. ಇದು ಗೋಳಿನ ಕತೆ ಅಲ್ಲ, ಒಂದು ಮನೆ ಕತೆ" ಎಂದಳು. ನಾಯಕಿ ಬಸ್ ಡಿಪೋದಲ್ಲಿ ಟಿಕೆಟ್ ಕೊಡುವ, ನಲವತ್ತು ದಾಟಿದ ಹೆಂಗಸು. ಇನ್ನೊಬ್ಬ ಹೆಂಗಸಿನ ಜೊತೆ ಸಂಸಾರ. ಹೊರಗಿನವರಿಗೆ ಇಬ್ಬರೂ ಬರೀ ಗೆಳತಿಯರು. ಒಂದು ಬೆಳಗ್ಗೆ ಅಣ್ಣ ಹೇಳದೆ ಕೇಳದೆ ಬರುತ್ತಾನೆ. ಮನೆಯಲ್ಲಿ ಸುಮ್ಮನೆ ಓಡಾಡುತ್ತಾನೆ. ಒಂದು ಕೋಣೆಯಲ್ಲಿ ಮಲಗೆದ್ದ ಹಾಸಿಗೆ, ಇನ್ನೊಂದರಲ್ಲಿ ಸುಕ್ಕೇ ಇಲ್ಲದ ಹಾಸಿಗೆ. ಅವನಿಗೆ ಗೊತ್ತಾಗುತ್ತದೆ. ಒಂದು ಲೋಟ ನೀರು ಕುಡಿದು ಹೊರಟುಹೋಗುತ್ತಾನೆ. ಇಡೀ ಸಿನಿಮಾ ನಿಂತದ್ದೇ ಆ ಸುಕ್ಕಿಲ್ಲದ ಹಾಸಿಗೆಯ ಮೇಲೆ.

ನೆಲದ ಮೇಲೆ ಕೂತಿದ್ದ ಆ ಮೊದಲ ದಿನ ಅಕ್ಕ ಒಂದೇ ಒಂದು ತಕರಾರು ತೆಗೆದಿದ್ದಳು. ಚಿತ್ರಕತೆಯಲ್ಲಿ ಎರಡು ಟೂತ್ ಬ್ರಶ್ ಒಂದೇ ಲೋಟದಲ್ಲಿ ಇರುತ್ತವೆ ಎಂದು ಬರೆದಿತ್ತು. "ಒಂದೇ ಲೋಟದಲ್ಲಿ ಇಡಲ್ಲ" ಎಂದಳು ಅಕ್ಕ. "ಬೇರೆ ಬೇರೆ ಇಡ್ತಾರೆ. ಒಂದು ಬಚ್ಚಲಲ್ಲಿ, ಒಂದು ಅಡುಗೆಮನೆ ಕಿಟಕೀಲಿ."

"ನಿಮಗೆ ಹೇಗೆ ಗೊತ್ತು?" ಎಂದಳು ನಿರ್ದೇಶಕಿ.

"ಊಹೆ" ಎಂದಳು ಅಕ್ಕ, ಪುಸ್ತಕದಿಂದ ತಲೆ ಎತ್ತದೆ. ನಾನು ಆಗಲೂ ಏನೂ ಯೋಚಿಸಲಿಲ್ಲ.

ಚಿತ್ರೀಕರಣ ಮುಗಿದು ಒಂದು ತಿಂಗಳಾದ ಮೇಲೆ ಆ ದೃಶ್ಯ ನನ್ನ ಕೈಗೆ ಬಂತು. ಅಣ್ಣನ ಬೆನ್ನ ಹಿಂದೆ ಕ್ಯಾಮೆರಾ ಮನೆಯೆಲ್ಲ ಸುತ್ತುತ್ತದೆ, ನಡುವೆ ಎಲ್ಲೂ ಕತ್ತರಿ ಹಾಕುವಂತಿಲ್ಲ. ನಾಲ್ಕು ಸಲ ತೆಗೆದಿದ್ದರು. ಮೊದಲನೆಯದರಲ್ಲಿ ಮುಖ ಮಸುಕು. ಎರಡನೆಯದರಲ್ಲಿ ಹೊರಗೆ ಲಾರಿ. ಮೂರನೆಯದರಲ್ಲಿ ಅಣ್ಣನ ಪಾತ್ರದವನು ಸುಸ್ತಾಗಿ, ಬಾಡಿಗೆಗೆ ಮನೆ ನೋಡಲು ಬಂದವನ ಹಾಗೆ ಓಡಾಡಿದ್ದ. ನಾಲ್ಕನೆಯದು ಚಿನ್ನ. ಅವನು ಎರಡನೇ ಕೋಣೆಯ ಬಾಗಿಲಲ್ಲಿ ನಿಂತ ರೀತಿ ನೋಡಿ ನಾನೇ ಕತ್ತು ನೋವು ಮರೆತೆ. ಆಮೇಲೆ ಅವನು ಏನನ್ನು ನೋಡುತ್ತಿದ್ದಾನೆ ಎಂದು ನೋಡಿದೆ. ಹಾಸಿಗೆ ಯಾರೋ ಈಗಷ್ಟೇ ಎದ್ದುಹೋದಂತಿತ್ತು. ಹೊದಿಕೆ ಒಂದು ಕಡೆಗೆ ಸರಿದಿತ್ತು, ದಿಂಬಿನ ನಡುವೆ ತಲೆಯ ಗುಂಡಿ ಇತ್ತು.

ನಿರ್ದೇಶಕಿ ನೋಡಿ ಮಂಕಾಗಿ ಕೂತಳು. ಮತ್ತೆ ತೆಗೆಯೋಣವೆಂದರೆ ಆ ಮನೆಗೆ ಬೇರೆಯವರು ಬಂದು ಗೋಡೆಗೆ ಬಣ್ಣ ಬಳಿದಾಗಿತ್ತು. ಅಣ್ಣನ ಪಾತ್ರದವನು ಇನ್ನೊಂದು ಪಾತ್ರಕ್ಕೆಂದು ತಲೆ ಬೋಳಿಸಿಕೊಂಡಿದ್ದ. "ಅಕ್ಕನ ಪುಸ್ತಕದಲ್ಲಿ ಏನಿದೆ?" ಎಂದಳು. ತೆಗೆದು ನೋಡಿದೆ. ನಾಲ್ಕನೆಯ ಸಲಕ್ಕೆ ಮುಂಚೆ ಊಟದ ಬಿಡುವು, ಯಾರೋ ಲೈಟಿನವನು ಆ ಹಾಸಿಗೆಯ ಮೇಲೆ ಕೂತಿದ್ದ, ಎಬ್ಬಿಸಿದೆ ಎಂದು ಬರೆದಿತ್ತು. ಕೆಳಗೆ ಅವಳದೇ ಗುಂಡು ಅಕ್ಷರದಲ್ಲಿ: "ಎರಡನೇ ಕೋಣೆ, ಹಾಸಿಗೆ ನಾನೇ ಸರಿ ಮಾಡಿದ್ದೇನೆ. ಸರಿ ಇದೆ."

ಮಾರನೆಯ ದಿನ ಅಕ್ಕನನ್ನು ಕರೆಸಿದೆ. ನಿರ್ದೇಶಕಿ ಬರುವ ಮೊದಲೇ ಬಾ ಎಂದಿದ್ದೆ. ಮೊಣಕಾಲು ಹಿಡಿದುಕೊಂಡು ಮೂರು ಮಹಡಿ ಹತ್ತಿ ಬಂದಳು. ದೃಶ್ಯ ಹಾಕಿದೆ. ಅಣ್ಣ ಬಾಗಿಲಿಗೆ ಬಂದ, ನಿಂತ. ಅಕ್ಕ ನೋಡುತ್ತಲೇ ಇದ್ದಳು.

"ಚೆನ್ನಾಗಿದೆಯಲ್ಲೋ. ಏನಾಯ್ತು?"

"ಹಾಸಿಗೆ ನೋಡಕ್ಕಾ."

"ನೋಡಿದೆ. ಸರಿಯಾಗೇ ಇದೆ."

ನನಗೆ ನಿಜಕ್ಕೂ ಭಯವಾಯಿತು. ಮೂರನೆಯದನ್ನೂ ನಾಲ್ಕನೆಯದನ್ನೂ ಅಕ್ಕಪಕ್ಕ ಹಾಕಿದೆ. ಎಡಕ್ಕೆ ಇಸ್ತ್ರಿ ಹಾಕಿದಂಥ ಹಾಸಿಗೆ, ಬಲಕ್ಕೆ ಮಲಗೆದ್ದ ಹಾಸಿಗೆ. ಅಕ್ಕನ ಮುಖ ಹುಳ್ಳಗಾಯಿತು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡಳು.

"ನನ್ನ ಕೈ ಮಾಡಿಬಿಟ್ಟಿದೆ ಕಣೋ" ಎಂದಳು ಆಮೇಲೆ. "ನನಗೆ ಗೊತ್ತೇ ಆಗಿಲ್ಲ."

ಆಮೇಲೆ ಅವಳು ಹೇಳಿದ್ದನ್ನು ನಾನು ನನ್ನ ಮಾತಿನಲ್ಲಿ ಹೇಳುತ್ತೇನೆ. ಹೇಳುವಾಗ ಅವಳು ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ಅವಳು ಅಳಲಿಲ್ಲ, ತನ್ನ ಪುಸ್ತಕ ಓದುವವಳ ಹಾಗೆ ಹೇಳಿದಳು.

ಸೈಕಲ್ ಅಂಗಡಿಯ ಮೇಲಿನ ಆ ಮನೆಯನ್ನು ಗೊತ್ತು ಮಾಡಿಕೊಟ್ಟವನು ಅವಳ ಅಣ್ಣ. ಮನೆ ಯಜಮಾನಿ ಅವನ ಸಹೋದ್ಯೋಗಿಯ ಹೆಂಡತಿ, ಮೇಲಿನ ಮಹಡಿಯಲ್ಲೇ ವಾಸ. ಕಸ ಗುಡಿಸುವವಳು ಬೆಳಗ್ಗೆ ಏಳಕ್ಕೆ ಸರಿಯಾಗಿ ಅಕ್ಕನ ಮನೆಗೆ ಬಂದು, ಅಲ್ಲಿಂದ ನೇರ ಯಜಮಾನಿಯ ಮನೆಗೆ ಹೋಗುತ್ತಾಳೆ. ಅವಳ ಬಾಯಿಗೆ ಬೀಗವಿಲ್ಲ. ಬೆಳಗ್ಗೆ ಏಳಕ್ಕೆ ಅವಳು ಕಂಡದ್ದು ಸಂಜೆಯೊಳಗೆ ಬೇರೆ ಊರಿನಲ್ಲಿರುವ ಅಣ್ಣನ ಕಿವಿಗೆ ಬೀಳುತ್ತದೆ. ಅಣ್ಣನೂ ಹೇಳಿ ಬರುವವನಲ್ಲ. ಕಣ್ಣಿನ ಡಾಕ್ಟರ ಬಳಿಗೆಂದು ಮೂರು ತಿಂಗಳಿಗೊಮ್ಮೆ ಬಸ್ಸಿಳಿದು ನೇರ ಬಂದು ಬಾಗಿಲು ಬಡಿಯುತ್ತಾನೆ, ಒಂದು ರಾತ್ರಿ ಉಳಿದು ಹೋಗುತ್ತಾನೆ. ಹಾಗಾಗಿ ಆ ಮನೆಗೆ ಬಂದ ಮಾರನೆಯ ದಿನದಿಂದ ಅಕ್ಕ ಒಂದು ಕೆಲಸ ಹಿಡಿದಳು. ಬೆಳಗ್ಗೆ ಏಳುವುದು, ಯಾರೂ ಮಲಗದ ಎರಡನೇ ಕೋಣೆಗೆ ಹೋಗುವುದು, ಹೊದಿಕೆ ಎಳೆಯುವುದು, ದಿಂಬಿಗೆ ಎರಡು ಗುದ್ದುವುದು, ಲ್ಯಾಬಮ್ಮನ ಹೇರ್‌ಪಿನ್ನೋ ಓದುತ್ತಿದ್ದ ಪತ್ರಿಕೆಯೋ ಒಂದನ್ನು ಮಂಚದ ಮೇಲೆ ಬಿಡುವುದು. ಏಳಕ್ಕೆ ಕಸದವಳು ಬಂದು, ಗೊಣಗಿಕೊಂಡು ಹಾಸಿಗೆ ಸರಿಮಾಡುವಳು. ಮಾರನೆಯ ಬೆಳಗ್ಗೆ ಅಕ್ಕ ಮತ್ತೆ ಕೆಡಿಸುವಳು. ಹತ್ತೊಂಬತ್ತು ವರ್ಷ, ಒಂದು ದಿನವೂ ತಪ್ಪಿಲ್ಲ. ಜ್ವರವಿದ್ದಾಗಲೂ ಎದ್ದು ಹೋಗಿ ಕೆಡಿಸಿ ಬಂದು ಮಲಗಿದ್ದಾಳೆ. ಹೊರಊರಿನಲ್ಲಿ ಶೂಟಿಂಗ್ ಇದ್ದರೆ ಐದಕ್ಕೆ ಫೋನು: "ಮಾಡಿದ್ಯಾ?" ಅಲ್ಲಿಂದ ಲ್ಯಾಬಮ್ಮ: "ಮಾಡಿದೆ, ಮಾಡಿದೆ. ಮಲಗೋಕೆ ಬಿಡು."

ಅಂದರೆ ಹದ್ದಕ್ಕನ ಕಣ್ಣಿಗೆ ಎರಡನೇ ಕೋಣೆಯ ಹಾಸಿಗೆ ಸರಿ ಇದೆ ಎನ್ನಿಸಬೇಕಾದರೆ ಅದು ಕೆಟ್ಟಿರಬೇಕು. ಶೂಟಿಂಗಿನ ಮನೆಯಲ್ಲಿ ಅಣ್ಣ ಬರುತ್ತಾನೆ ಎಂದು ಯಾರೋ ಕೂಗಿದರು, ಇವಳು ಹೋಗಿ ಹಾಸಿಗೆ ಸರಿ ಮಾಡಿದಳು. ಅಷ್ಟೇ ನಡೆದದ್ದು. ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದದ್ದು ಆ ಹಾಸಿಗೆಯಲ್ಲಿ ತಗ್ಗಿಲ್ಲವೆಂದು ಹೊಗಳಿದ ನನ್ನ ಮೇಲೆ.

"ಲ್ಯಾಬಮ್ಮ ಏನಂತಾಳೆ ಇದಕ್ಕೆಲ್ಲ?" ಎಂದು ಕೇಳಿದೆ.

"ಸುಸ್ತಾಗಿದೆ ಅಂತಾಳೆ" ಎಂದಳು ಅಕ್ಕ.

ಲ್ಯಾಬಮ್ಮನಿಗೆ ಬರುವ ಶನಿವಾರ ನಿವೃತ್ತಿ. ಇಷ್ಟು ವರ್ಷ ಹಗಲೆಲ್ಲ ಆಸ್ಪತ್ರೆಯಲ್ಲಿ ಇರುತ್ತಿದ್ದಳು, ಮನೆ ಎಂದರೆ ಊಟ, ನಿದ್ದೆ. ಇನ್ನು ಇಡೀ ದಿನ ಅಲ್ಲೇ ಇರಬೇಕು. ಆರು ತಿಂಗಳ ಹಿಂದೆಯೇ ಹೇಳಿದ್ದಳಂತೆ: "ನನ್ನ ಕೊನೇ ಡ್ಯೂಟಿ ಮುಗಿಯೋದ್ರೊಳಗೆ ಆ ಮಂಚ ಹೊರಗೆ ಹೋಗ್ಲಿ, ನಿನ್ನಣ್ಣಂಗೆ ನೀನೇ ಹೇಳು. ಇಲ್ಲಾಂದ್ರೆ ನಾನು ತಂಗಿ ಊರಿಗೆ ಹೋಗ್ತೀನಿ. ಜಗಳ ಅಲ್ಲ ಕಣೇ ಇದು. ನನಗಿನ್ನು ಆಗಲ್ಲ." ಅಕ್ಕ ಆಯಿತು ಎಂದಿದ್ದಳು. ಈ ಸಿನಿಮಾ ಮುಗಿಯಲಿ ಎಂದಳು. ಆಮೇಲೆ ಅಣ್ಣನ ಕಣ್ಣಿನ ಆಪರೇಶನ್ ಆಗಲಿ ಎಂದಳು. ಮುಂದಕ್ಕೆ ಹಾಕುವುದರಲ್ಲಿ ಅಕ್ಕ ಎತ್ತಿದ ಕೈ.

"ನನಗೆ ಬೇರೆ ಯಾರಿದ್ದಾರೆ ಹೇಳು" ಎಂದಳು ನನ್ನತ್ತ ತಿರುಗಿ. "ಅಣ್ಣ ಒಬ್ಬ. ಅವಳೊಬ್ಬಳು. ಒಬ್ಬರನ್ನ ಇಟ್ಕೊಳ್ಳೋಕೆ ಹೋಗಿ ಇನ್ನೊಬ್ಬರು ಕೈಬಿಟ್ಟರೆ?"

ನಿರ್ದೇಶಕಿ ಬಂದಳು. ಅಕ್ಕ ಕಾರಣ ಹೇಳದೆ ತಪ್ಪನ್ನಷ್ಟೇ ಒಪ್ಪಿಕೊಂಡು ಬೈಗುಳ ತಿನ್ನಬಹುದಿತ್ತು. ಏನನ್ನಿಸಿತೋ, ಎಲ್ಲವನ್ನೂ ಹೇಳಿದಳು. ಹುಡುಗಿ ಬಾಯಿ ತೆರೆದುಕೊಂಡು ಕೇಳಿದಳು. ಕೇಳಿ, "ನಾನು ಬರೆದಿದ್ದೇ ತಪ್ಪು ಅಕ್ಕ. ಇಷ್ಟು ವರ್ಷ ಹೀಗೆ ಇದ್ದವರು ಹಾಸಿಗೇನ ಹಾಗೆ ಬಿಡ್ತಾರಾ? ನಿಮ್ಮ ಹಾಸಿಗೇನೇ ಸರಿ. ಇದು ನಂಗೆ ಹೊಳೀಲೇ ಇಲ್ಲ" ಎಂದಳು.

"ಹೊಳೆಯೋಕೆ ಹತ್ತೊಂಬತ್ತು ವರ್ಷ ಬೇಕು ತಾಯಿ" ಎಂದೆ ನಾನು.

ಅವಳ ತಲೆ ಓಡತೊಡಗಿತು. ನಾಲ್ಕನೆಯದನ್ನೇ ಇಟ್ಟುಕೊಳ್ಳುವುದು. ಅದಕ್ಕೆ ಮೊದಲು ಒಂದು ಸಣ್ಣ ತುಣುಕು, ನಾಯಕಿಯ ಎರಡು ಕೈ, ಮಲಗದ ಹಾಸಿಗೆಯನ್ನು ಕೆಡಿಸುವುದು. ಆಮೇಲೆ ಅಣ್ಣ ಬರುತ್ತಾನೆ, ನೋಡುತ್ತಾನೆ, ಸಮಾಧಾನವಾಗಿ ನೀರು ಕುಡಿದು ಹೋಗುತ್ತಾನೆ. ನಾಯಕಿ ಗೆಲ್ಲುತ್ತಾಳೆ, ಗೆದ್ದು ಅಲ್ಲೇ ಉಳಿಯುತ್ತಾಳೆ. ನಟಿಯನ್ನು ಕರೆಸಿ ನನ್ನ ಕೋಣೆಯ ಸೋಫಾದ ಮೇಲೆಯೇ ಒಂದು ಬೆಡ್‌ಶೀಟ್ ಹಾಸಿ ಮಾಡಿಸಿ ನೋಡಿದಳು. ಆಕೆ ಒಳ್ಳೆಯ ನಟಿ, ಆದರೆ ಸಿಟ್ಟಿನಿಂದ ಕೆಡಿಸಿದಳು, ದುಃಖದಿಂದ ಕೆಡಿಸಿದಳು. ಅಕ್ಕ ಪಕ್ಕದಿಂದ, "ಅಷ್ಟೆಲ್ಲ ಇರಲ್ಲ, ಹಾಲು ಕಾಯಿಸೋ ಹಾಗೆ ಮಾಡ್ಬೇಕು" ಎನ್ನುತ್ತಿದ್ದಳು. ಕೊನೆಗೆ ನಿರ್ದೇಶಕಿ, "ನಿಮ್ಮ ಕೈಯೇ ಬೇಕು ಅಕ್ಕ" ಎಂದಳು.

"ನನ್ನ ಕೈ ಇವಳದಕ್ಕಿಂತ ಹತ್ತು ವರ್ಷ ಹಳೇದು. ಮ್ಯಾಚ್ ಆಗಲ್ಲ" ಎಂದಳು ಅಕ್ಕ. ಅಂಥ ಹೊತ್ತಿನಲ್ಲೂ ಅವಳಿಗೆ ಅದೇ ಚಿಂತೆ.

ಮನೆಗೆ ಹೋಗಿ ಲ್ಯಾಬಮ್ಮನಿಗೆ ಹೇಳಿದಾಗ ಅವಳು ಎಷ್ಟೋ ತಿಂಗಳ ಮೇಲೆ ಜೋರಾಗಿ ನಕ್ಕಳಂತೆ. "ನಮ್ಮ ಮನೇಲೇ ತೆಗೀರಿ. ಒಂದ್ಸಲ ನಾಲ್ಕು ಜನರ ಎದುರಿಗೆ ಮಾಡು, ಅಲ್ಲಿಗೆ ಮುಗೀತು. ಭಾನುವಾರ ಶೂಟಿಂಗ್ ಆದ ಕೂಡ್ಲೇ ಅದೇ ಹುಡುಗ್ರ ಕೈಲಿ ಮಂಚ ಕೆಳಗಿಳಿಸೋಣ" ಎಂದಳಂತೆ. ಇದನ್ನು ಫೋನಿನಲ್ಲಿ ನನಗೆ ಹೇಳುವಾಗ ಅಕ್ಕನ ದನಿ ಹಗುರವಾಗಿತ್ತು. ಅಣ್ಣ ಮುಂದಿನ ಸಲ ಬಂದಾಗ ಹೇಳಿಯೇ ಬಿಡುತ್ತೇನೆ ಎಂದಳು. ನಾನು ಶೂಟಿಂಗಿಗೆ ಹೋಗಲಿಲ್ಲ. ಎಡಿಟರುಗಳು ಹೋಗುವುದಿಲ್ಲ.

ಬುಧವಾರ ಆ ತುಣುಕು ನನ್ನ ಕೈಗೆ ಬಂತು. ನಿರ್ದೇಶಕಿ ಬಾಗಿಲಲ್ಲೇ ಕೊಟ್ಟು ಹೋದಳು. ಹಾಕಿ ನೋಡಿದೆ. ಮಂಚ, ಹಾಸಿಗೆ, ಎರಡು ಕೈ. ಕೈಗಳು ಹೊದಿಕೆ ಎಳೆದವು, ದಿಂಬಿಗೆ ಎರಡು ಸಲ ಗುದ್ದಿದವು, ಹೇರ್‌ಪಿನ್ ಒಂದನ್ನು ದಿಂಬಿನ ಅಂಚಿಗೆ ಇಟ್ಟು, ಸರಿಯಿಲ್ಲವೆನ್ನಿಸಿ ಒಂದಿಷ್ಟು ಒಳಗೆ ತಳ್ಳಿದವು. ಎಲ್ಲ ಸೇರಿ ಹನ್ನೊಂದು ಸೆಕೆಂಡು. ಮುಖವಿಲ್ಲ, ಮಾತಿಲ್ಲ. ನಾನು ಮೂವತ್ತು ವರ್ಷದಲ್ಲಿ ಅಷ್ಟು ದಣಿದ ಹನ್ನೊಂದು ಸೆಕೆಂಡು ನೋಡಿಲ್ಲ. ನಿರ್ದೇಶಕಿಯ ದನಿ "ಕಟ್" ಎಂದಿತು.

ಕಟ್ ಅಂದ ಮೇಲೂ ಕ್ಯಾಮೆರಾ ಕೆಲವೊಮ್ಮೆ ಓಡುತ್ತಿರುತ್ತದೆ. ಆ ಬಾಲವನ್ನು ನಾನು ಯಾವಾಗಲೂ ಪೂರ್ತಿ ನೋಡುತ್ತೇನೆ, ಅದೂ ಒಂದು ಚಟ. ಕೈಗಳು ಹಾಸಿಗೆಯ ಮೇಲೆಯೇ ಇದ್ದವು. ಹೊರಗೆ ಬಾಗಿಲ ಸದ್ದು. ಗಂಡಸಿನ ದನಿ, "ಏನು ಇಷ್ಟೊಂದು ಜನ?" ಎಂದಿತು. ಹತ್ತಿರ ಬಂದು, "ಏನ್ ಮಾಡ್ತಿದ್ದೀಯ ಹಾಸಿಗೇನ?" ಎಂದಿತು. ಕೈಗಳು ಬಿಸಿ ತಾಗಿದಂತೆ ಹಿಂದಕ್ಕೆ ಹೋದವು.

"ಏನಿಲ್ಲ ಅಣ್ಣ, ಸಿನಿಮಾ" ಎಂದಿತು ಅಕ್ಕನ ದನಿ. "ಇವಳ ಕೋಣೆ ಸ್ವಲ್ಪ ಹೊತ್ತು ಬೇಕಾಗಿತ್ತು."

ಆಮೇಲೆ ನಾಲ್ಕು ಸೆಕೆಂಡು ಯಾರೂ ಮಾತಾಡಲಿಲ್ಲ. ನಾನು ಅಳತೆ ಮಾಡಿದ್ದೇನೆ. ಆಮೇಲೆ ಲ್ಯಾಬಮ್ಮನ ದನಿ, ಎಂದಿನ ಹಾಗೆಯೇ, ಏರಿಲ್ಲ, ಇಳಿದಿಲ್ಲ: "ಹೌದು, ನನ್ನ ಕೋಣೇನೇ. ನಾನೇ ಕೊಟ್ಟೆ. ನಿನ್ನೆ ರಿಟೈರ್ ಆಯ್ತಲ್ಲ, ನಾನಿನ್ನು ಖಾಲಿ ಮಾಡ್ತಿದ್ದೀನಿ. ತಂಗಿ ಊರಿಗೆ ಹೋಗ್ತೀನಿ. ಬನ್ನಿ ಹೊರಗೆ, ಟೀ ಕೊಡ್ತೀನಿ. ಕಣ್ಣಿಗೆ ಡ್ರಾಪ್ಸ್ ಹಾಕ್ಕೊಂಡ್ರಾ ಇವತ್ತು?" ಅಲ್ಲಿಗೆ ಯಾರೋ ಕ್ಯಾಮೆರಾ ನಿಲ್ಲಿಸಿದ್ದರು.

ಒಂದು ವಾರ ಕಳೆದ ಮೇಲೆ ಅಕ್ಕ ಬಂದಳು, ದೃಶ್ಯ ಜೋಡಿಸಿದ್ದನ್ನು ನೋಡಲು. ಜಡೆ ಹಾಕಿರಲಿಲ್ಲ, ಕೂದಲನ್ನು ಹಾಗೆಯೇ ಗಂಟು ಕಟ್ಟಿದ್ದಳು. ಪುಸ್ತಕ ತಂದಿರಲಿಲ್ಲ. ಕುರ್ಚಿಯಲ್ಲಿ ಕೂತು ಕಾಲು ನೀಡಿ, "ಹೋದಳು ಕಣೋ. ಮಂಗಳವಾರವೇ" ಎಂದಳು.

ನಾನು ನೀರಿನ ಬಾಟಲಿಯನ್ನು ಅವಳ ಕಡೆಗೆ ಸರಿಸಿದೆ.

"ಭಾನುವಾರ ಅವಳು ಹಾಗೆ ಹೇಳಿದಾಗ ನನಗೆ ಹೋದ ಜೀವ ಬಂದಹಾಗಾಯ್ತು. ಅಬ್ಬಾ, ಎಷ್ಟು ಚೆನ್ನಾಗಿ ಜೋಡಿಸಿದ್ಲು ಅಂದ್ಕೊಂಡೆ. ಅಣ್ಣಂಗೆ ಒಂದು ಚೂರೂ ಅನುಮಾನ ಬರ್ಲಿಲ್ಲ ಅಂತ ಖುಷಿಪಟ್ಟೆ. ಸೋಮವಾರ ಅಣ್ಣನ್ನ ಬಸ್ ಹತ್ತಿಸಿ ಬಂದು ನೋಡ್ತೀನಿ, ಸೂಟ್‌ಕೇಸ್ ತೆಗೆದಿಟ್ಟಿದ್ದಾಳೆ. ನಿಜವಾಗ್ಲೂ ಹೋಗ್ತಿದ್ಯಾ ಅಂದೆ. ಹೇಳಿದ್ನಲ್ಲ ಎಲ್ಲರ ಎದುರಿಗೇ ಅಂದ್ಲು." ಅಕ್ಕ ತೆರೆಯ ಕಡೆಗೆ ತಿರುಗಿ ಕೇಳಿದಳು: "ಅದು ಇದೆಯಾ? ಕಟ್ ಆದ್ಮೇಲಿಂದು?"

ಇಲ್ಲ ಎನ್ನಬಹುದಿತ್ತು. ನನಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ, ಆ ಮನೆಯ ಪಾಲಿಗೆ ಬೇಕಾದಷ್ಟು ಆಗಿಹೋಗಿತ್ತು. ಹಾಕಿದೆ. ಒಮ್ಮೆ ನೋಡಿದಳು. ಇನ್ನೊಮ್ಮೆ ಎಂದಳು. ಮೂರನೆಯ ಸಲ ಆ ನಾಲ್ಕು ಸೆಕೆಂಡು ಬಂದಾಗ, "ಇಲ್ಲಿ ಅವಳು ಕಾಯ್ತಿದ್ಲು" ಎಂದಳು. "ನಾನು ಇನ್ನೇನೋ ಹೇಳ್ತೀನಿ ಅಂತ ಕಾಯ್ತಿದ್ಲು."

ನಂತರ ಚೀಲದಿಂದ ಫೋನು ತೆಗೆದಳು. ನಾನು ಏಳಹೋದೆ, ಕೂತ್ಕೋ ಎಂದು ಕೈಸನ್ನೆ ಮಾಡಿದಳು. ನನ್ನ ಕೋಣೆಗೆ ಹೊರಗಿನ ಸದ್ದು ಬರುವುದಿಲ್ಲ, ಒಳಗಿನ ಪಿಸುಮಾತು ಕೂಡ ತಪ್ಪುವುದಿಲ್ಲ. ಆ ಕಡೆ ಅಣ್ಣ ಹಲೋ ಎಂದದ್ದು ನನಗೂ ಕೇಳಿಸಿತು.

"ಅಣ್ಣ, ಭಾನುವಾರ ನಾನು ಹೇಳಿದ್ದು ಸುಳ್ಳು. ಆ ಕೋಣೆ ಯಾರದೂ ಅಲ್ಲ. ಅಲ್ಲಿ ಯಾರೂ ಮಲಗಲ್ಲ. ನೀನು ಬಂದಾಗ ಮಾತ್ರ ಅವಳು ಅಲ್ಲಿ ಹೋಗಿ ಮಲಗ್ತಾಳೆ. ನಾವಿಬ್ರೂ ಒಂದೇ ಕೋಣೆ, ಮೊದಲಿಂದ. ಗೆಳತಿ ಅಂತ ನಿನಗೆ ಹೇಳಿದ್ದೆ. ಗೆಳತಿ ಅಲ್ಲ. ನನ್ನ ಸಂಸಾರ ಅದು." ಒಂದೇ ಉಸಿರಿಗೆ ಹೇಳಿದಳು.

ಅಣ್ಣ ಕೆಮ್ಮಿದ. ಹಿಂದೆ ಎಲ್ಲೋ ಟೀವಿ ಓಡುತ್ತಿತ್ತು, ಅದನ್ನು ನಿಲ್ಲಿಸಿದ.

"ಅವಳಿಗೆ ಕೊಡು ಫೋನು" ಎಂದ.

"ಯಾಕಣ್ಣ? ಬೈಬೇಕಾದ್ರೆ ನನ್ನ ಬೈ."

"ಬೈಯೋಕಲ್ಲ ಕಣೇ. ನಾನು ಬಂದಾಗೆಲ್ಲ ಆ ಕೋಣೆಗೆ ಹೋಗಿ ಬಿದ್ಕೊಂಡಿದ್ದಾಳಲ್ಲ ಪಾಪ, ಒಂದು ಮಾತು ಹೇಳ್ತೀನಿ. ಕೊಡು ಅವಳಿಗೆ."

ಅಕ್ಕ ಫ್ರೇಮು ನಿಂತಿದ್ದ ತೆರೆಯ ಕಡೆಗೆ ನೋಡಿದಳು, ನನ್ನ ಕಡೆಗೆ ನೋಡಿದಳು. ಫೋನನ್ನು ಕಿವಿಯಿಂದ ತೆಗೆದು ಮತ್ತೆ ಕಿವಿಗಿಟ್ಟುಕೊಂಡಳು.

"ಅವಳಿಲ್ಲ ಅಣ್ಣ" ಎಂದಳು. "ತಂಗಿ ಊರಿಗೆ ಹೋದಳು."

"ಓ, ಹೋದ್ಲಾ. ಖಾಲಿ ಮಾಡ್ತೀನಿ ಅಂದಿದ್ದೂ ಸುಳ್ಳೇ ತಾನೆ. ಯಾವಾಗ ಬರ್ತಾಳೆ?"

ಅಕ್ಕ ಫೋನನ್ನು ಮಡಿಲಿಗೆ ಇಳಿಸಿಕೊಂಡಳು. ಲೈನು ಕಟ್ಟಾಯಿತೆಂದು ತಿಳಿದು ಅವನು ಹಲೋ ಹಲೋ ಎಂದ, ಆಮೇಲೆ ಸ್ವಲ್ಪ ಜೋರಾಗಿ ಇನ್ನೊಮ್ಮೆ ಕೇಳಿದ, ಯಾವಾಗ ಬರ್ತಾಳೆ ಎಂದು.